ಮಾತು ಬಿಟ್ಟ ಯಂತ್ರಗಳು

ಗಂಡ ಹೆಂಡತಿ ಮಾತು ಬಿಟ್ಟರೆ ಮನೆಯ ವ್ಯವಹಾರವೇನೂ ನಿಂತುಹೋಗುವುದಿಲ್ಲ. 'ನಿಮ್ಮಪ್ಪನಿಗೆ ಊಟಕ್ಕೆ ಬರೋಕೆ ಹೇಳು' ಎಂದು ತಾಯಿ, 'ಹಸಿವಿಲ್ಲ ಅಂತ ಹೇಳು' ಎಂದು ತಂದೆ, ನಡುವೆ ಓಡಾಡುವ ಮಗು. ಹೀಗೆ ಎರಡು ದಿನ ಸಾಗುತ್ತದೆ. ಮೂರನೆಯ ದಿನ ಕಾಫಿಗೆ ಸಕ್ಕರೆ ಹೆಚ್ಚಾಯಿತೆಂಬ ನೆಪದಲ್ಲಿ ರಾಜಿಯೂ ಆಗಿಬಿಡುತ್ತದೆ. ಆದರೆ ಎರಡು ಯಂತ್ರಗಳು ಮಾತು ಬಿಟ್ಟರೆ? ಅವುಗಳಿಗೆ ಮಗುವೂ ಇಲ್ಲ, ಕಾಫಿಯೂ ಇಲ್ಲ. ಅಂಥದೊಂದು ಮುನಿಸು 2018ರ ಜೂನ್ ತಿಂಗಳಲ್ಲಿ ಮಾಚೇನಹಳ್ಳಿಯ ಸಣ್ಣ ವರ್ಕ್‌ಶಾಪೊಂದರಲ್ಲಿ ನಡೆಯಿತು. ಮುನಿಸಿಕೊಂಡದ್ದು ಯಂತ್ರಗಳು, ಕೆಲಸ ಕಳೆದುಕೊಳ್ಳುವುದರಲ್ಲಿದ್ದವನು ಮಾತ್ರ ಇಪ್ಪತ್ತೆರಡು ವರ್ಷದ ಒಬ್ಬ ಹುಡುಗ.

ಶಿವಮೊಗ್ಗದಿಂದ ಬಿ.ಎಚ್. ರಸ್ತೆಯಲ್ಲಿ ಭದ್ರಾವತಿಯ ಕಡೆಗೆ ಹೊರಟರೆ ನಡುದಾರಿಯಲ್ಲಿ ಸಿಗುವುದು ಮಾಚೇನಹಳ್ಳಿಯ ಕೈಗಾರಿಕಾ ಪ್ರದೇಶ. ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆ ಆರಂಭಿಸಿದ್ದು, ಅದರ ಹಿಂದೆ ಸರ್ ಎಂ. ವಿಶ್ವೇಶ್ವರಯ್ಯನವರ ಹಟ ಇದ್ದದ್ದು ಎಲ್ಲರಿಗೂ ಗೊತ್ತಿರುವ ಸಂಗತಿ. ಒಂದು ಊರಿನಲ್ಲಿ ಮೂರು ತಲೆಮಾರು ಲೋಹ ಕರಗಿದರೆ ಆ ಕಾವು ಅಕ್ಕಪಕ್ಕಕ್ಕೂ ಹಬ್ಬುತ್ತದೆ. ಇಂದು ಶಿವಮೊಗ್ಗದ ಸುತ್ತ ಫೌಂಡ್ರಿಗಳಿವೆ. ಎರಕ ಹೊಯ್ದ ಭಾಗಗಳನ್ನು ತಿದ್ದಿ ತೀಡುವ ಸಣ್ಣ ಸಣ್ಣ ವರ್ಕ್‌ಶಾಪುಗಳಿವೆ. ಈ ವರ್ಕ್‌ಶಾಪಿನ ಯಜಮಾನನೂ ಕಬ್ಬಿಣದ ಕಾರ್ಖಾನೆಯ ನೌಕರರೊಬ್ಬರ ಮಗನೇ. ಅಪ್ಪನ ನಿವೃತ್ತಿಯ ಹಣಕ್ಕೆ ಬ್ಯಾಂಕಿನ ಸಾಲ ಸೇರಿಸಿ, ಬೆಂಗಳೂರಿನ ಪೀಣ್ಯದಿಂದ ಹಳೆಯ ಸಿಎನ್‌ಸಿ ಮಿಲ್ಲಿಂಗ್ ಯಂತ್ರವೊಂದನ್ನು ತಂದು ನಿಲ್ಲಿಸಿದ್ದ. ಅದರ ಮಿದುಳು ಜಪಾನಿನ ಫಾನುಕ್ ಕಂಪನಿಯದು. ಯಂತ್ರಕ್ಕೆ ಹುಡುಗನಷ್ಟೇ ವಯಸ್ಸು.

ಸಿಎನ್‌ಸಿ ಯಂತ್ರವೆಂದರೆ ಹೇಳಿದಷ್ಟನ್ನೇ ಮಾಡುವ ಕೆಲಸಗಾರ. ಬಲಕ್ಕೆ 10 ಮಿಲಿಮೀಟರು ಹೋಗು, ಇಷ್ಟು ವೇಗದಲ್ಲಿ ಹೋಗು, ಈಗ ಕೆಳಗಿಳಿ ಎಂದು ಸಾಲುಸಾಲಾಗಿ ಬರೆದುಕೊಟ್ಟರೆ ಚಾಚೂ ತಪ್ಪದೆ ಮಾಡುತ್ತದೆ. ನಾಲ್ಕು ತೂತು ಕೊರೆಯುವ ಕೆಲಸವಾದರೆ ಆ ಸಾಲುಗಳನ್ನು ಯಂತ್ರದ ಮುಂದೆ ನಿಂತು ಕೈಯಲ್ಲೇ ಒತ್ತಬಹುದು. ಆದರೆ ಆ ವಾರ ಬಂದಿದ್ದ ಕೆಲಸ ಬೇರೆ. ಫೌಂಡ್ರಿಯೊಂದಕ್ಕೆ ಅಲ್ಯೂಮಿನಿಯಂ ಪ್ಯಾಟರ್ನ್ ಬೇಕಿತ್ತು. ಎರಕ ಹೊಯ್ಯಲು ಮರಳಿನ ಅಚ್ಚು, ಆ ಅಚ್ಚನ್ನು ಒತ್ತಲು ಪ್ಯಾಟರ್ನ್. ಅದರ ಮೈಯೆಲ್ಲ ಉಬ್ಬುತಗ್ಗು. ಅಷ್ಟೂ ತಿರುವುಗಳನ್ನು ಕಂಪ್ಯೂಟರು ಲೆಕ್ಕ ಹಾಕಿ ಬರೆದ ಪ್ರೋಗ್ರಾಮಿನಲ್ಲಿ ಸುಮಾರು ಆರು ಲಕ್ಷ ಅಕ್ಷರಗಳಿದ್ದವು. ಯಂತ್ರದ ನೆನಪಿನ ಶಕ್ತಿಯಾದರೋ ಎಂಬತ್ತು ಮೀಟರು!

ನೆನಪಿನ ಶಕ್ತಿಯನ್ನು ಮೀಟರಿನಲ್ಲಿ ಅಳೆಯುವುದೇ ಎಂದು ಓದುಗರಿಗೆ ಅಚ್ಚರಿಯಾಗಬಹುದು. ಇದಕ್ಕೊಂದು ಹಿನ್ನೆಲೆಯಿದೆ. 1952ರಲ್ಲಿ ಅಮೆರಿಕದ ಎಂಐಟಿಯಲ್ಲಿ ಅಂಕಿಗಳ ಆಜ್ಞೆಯಂತೆ ನಡೆಯುವ ಮಿಲ್ಲಿಂಗ್ ಯಂತ್ರವನ್ನು ಮೊದಲ ಬಾರಿಗೆ ಪ್ರದರ್ಶಿಸಿದಾಗ, ಆ ಆಜ್ಞೆಗಳಿದ್ದದ್ದು ತೂತು ಕೊರೆದ ಪಟ್ಟಿಯ ಮೇಲೆ. ಮುಂದೆ ಹಲವು ದಶಕಗಳ ಕಾಲ ಒಂದಂಗುಲ ಅಗಲದ ಕಾಗದದ ಪಟ್ಟಿಯೇ ಇಂಥ ಯಂತ್ರಗಳ ಪುಸ್ತಕವಾಗಿತ್ತು. ಪಟ್ಟಿಯ ಒಂದಂಗುಲ ಉದ್ದಕ್ಕೆ ಹತ್ತು ಅಕ್ಷರ. ಕಾಗದ ಹೋಯಿತು, ಅಳತೆ ಉಳಿಯಿತು. ಎಂಬತ್ತು ಮೀಟರೆಂದರೆ ಸುಮಾರು ಮೂವತ್ತೊಂದು ಸಾವಿರ ಅಕ್ಷರ. ಆರು ಲಕ್ಷ ಅಕ್ಷರಗಳಿಗೆ ಒಂದೂವರೆ ಕಿಲೋಮೀಟರು ಪಟ್ಟಿ ಬೇಕು. ಹಾಗಾಗಿ ಪ್ರೋಗ್ರಾಮನ್ನು ಒಮ್ಮೆಲೇ ತುಂಬುವಂತಿಲ್ಲ. ಮಗುವಿಗೆ ಕೈತುತ್ತು ಹಾಕಿದಂತೆ ಕಂಪ್ಯೂಟರು ಸ್ವಲ್ಪ ಸ್ವಲ್ಪವೇ ಕೊಡುತ್ತಿರಬೇಕು, ಯಂತ್ರ ಅದನ್ನು ಅರಗಿಸಿಕೊಳ್ಳುತ್ತ ಕೊರೆಯುತ್ತಿರಬೇಕು. ತುತ್ತು ಹೋಗುವ ದಾರಿಯೇ ಎರಡರ ನಡುವಿನ ಕೇಬಲ್ಲು. ಆ ಸಂಭಾಷಣೆಯ ಕಟ್ಟಳೆಗೆ ಆರ್‌ಎಸ್-232 ಎಂದು ಹೆಸರು. ಅದು ಹುಟ್ಟಿದ್ದು 1960ರಲ್ಲಿ.

ಬುಧವಾರ ರಾತ್ರಿ ಗುಡುಗು ಸಿಡಿಲಿನ ಮಳೆ ಬಂತು. ಬೆಳಿಗ್ಗೆ ನೋಡಿದರೆ ಹಳೆಯ ಕಂಪ್ಯೂಟರು ಉಸಿರೆತ್ತಲಿಲ್ಲ. ಯಜಮಾನ ತನ್ನ ಅಕ್ಕನ ಮಗನ ಲ್ಯಾಪ್‌ಟಾಪು ತಂದ. ಹೊಸ ಲ್ಯಾಪ್‌ಟಾಪಿಗೆ ಹಳೆಯ ಒಂಬತ್ತು ಪಿನ್ನಿನ ಬಾಯಿಯೇ ಇಲ್ಲ. ಶಿವಮೊಗ್ಗದ ನೆಹರು ರಸ್ತೆಗೆ ಹೋಗಿ ಯುಎಸ್‌ಬಿಯಿಂದ ಒಂಬತ್ತು ಪಿನ್ನಿಗೆ ಬದಲಾಯಿಸುವ ಪುಟ್ಟ ಕನ್ವರ್ಟರು ತಂದದ್ದಾಯಿತು. ಅಷ್ಟರಲ್ಲಿ ಇನ್ನೊಂದು ಸಂಗತಿ ಕಣ್ಣಿಗೆ ಬಿತ್ತು. ಯಂತ್ರದ ಹಿಂದೆ ಕೇಬಲ್ಲನ್ನು ಇಲಿ ಕಡಿದಿತ್ತು. ಹೊಳೆಹೊನ್ನೂರಿನ ಕಡೆಯ ಹುಡುಗ, ಐಟಿಐ ಮುಗಿಸಿದವನು, ಕಡಿದ ತುದಿಯನ್ನು ಕತ್ತರಿಸಿ ಹೊಸ ಪ್ಲಗ್ಗಿಗೆ ಮೂರು ತಂತಿ ಬೆಸುಗೆ ಹಾಕಿದ. ಯಂತ್ರ ಚಾಲೂ ಇರುವಾಗಲೇ ಅದನ್ನು ಚುಚ್ಚಿದ. 'ಚಿಟ್' ಎಂದು ಸಣ್ಣ ಕಿಡಿ ಹಾರಿತು. ಯಂತ್ರದ ಪರದೆಯ ಮೇಲೆ 086 ಎಂಬ ಅಲಾರಂ ಬಂತು.

ಯಜಮಾನ ಪಕ್ಕದಲ್ಲೇ ನಿಂತಿದ್ದ. 'ಸುಟ್ಟುಬಿಟ್ಟೆಯಲ್ಲೋ!' ಎಂದ.

ಬೆಂಗಳೂರಿನ ರಿಪೇರಿಯವನಿಗೆ ಫೋನು ಹೋಯಿತು. ಕಿಡಿ ಹಾರಿದ ಕಥೆ ಕೇಳಿ ಅವನು ಅಲ್ಲಿಂದಲೇ ಬೋರ್ಡು ಹೋಗಿರಬೇಕೆಂದ. ಹಳೆಯ ಬೋರ್ಡು, ಸಿಕ್ಕರೆ ಲಕ್ಷದ ಮೇಲಾಗುತ್ತದೆ ಎಂದ. ಫೌಂಡ್ರಿಯವರಿಗೆ ಪ್ಯಾಟರ್ನ್ ಕೊಡಬೇಕಾದದ್ದು ಸೋಮವಾರ. ತಾನು ಕಾಸಿಗೆ ಕಾಸು ಕೂಡಿಸಿ ಕಟ್ಟಿದ್ದು ಕಣ್ಣೆದುರಿಗೇ ಕುಸಿಯುವಾಗ ಯಾರಿಗೆ ತಾಳ್ಮೆ ಉಳಿದೀತು? ನಾಲ್ಕು ಜನರ ಮುಂದೆ ಹುಡುಗನಿಗೆ ಹೇಳಿಬಿಟ್ಟ: 'ಬೋರ್ಡಿನ ದುಡ್ಡು ನಿನ್ನ ಸಂಬಳದಲ್ಲಿ ಹಿಡೀತೀನಿ. ಆಗಲ್ಲ ಅಂದರೆ ಸೋಮವಾರದಿಂದ ಬರಬೇಡ.' ಸಂಬಳದಲ್ಲಿ ಹಿಡಿದರೆ ವರ್ಷವಾದರೂ ತೀರದ ಸಾಲ ಅದು. ಹುಡುಗ ಏನೂ ಹೇಳಲಿಲ್ಲ. ಟಿಫನ್ ಡಬ್ಬಿ ಹಾಗೇ ಉಳಿಯಿತು.

ರಾತ್ರಿ ಮನೆಯಲ್ಲಿ ಈ ಸುದ್ದಿ ಕೇಳಿದ ಯಜಮಾನನ ತಂದೆ, ಬೋರ್ಡಿಗೆ ದುಡ್ಡು ಕಟ್ಟುವ ಮೊದಲು ಹಳೇನಗರದ ತಮ್ಮ ಗೆಳೆಯನನ್ನೊಮ್ಮೆ ಕರೆಸೆಂದರು. ಆ ಗೆಳೆಯ ಕಬ್ಬಿಣದ ಕಾರ್ಖಾನೆಯ ಇನ್‌ಸ್ಟ್ರುಮೆಂಟ್ ವಿಭಾಗದಲ್ಲಿ ದುಡಿದು 2004ರಲ್ಲಿ ನಿವೃತ್ತರಾದವರು. ಟೆಲಿಪ್ರಿಂಟರಿನಿಂದ ಹಿಡಿದು ಕುಲುಮೆಯ ಉಷ್ಣಮಾಪಕದವರೆಗೆ ರಿಪೇರಿ ಮಾಡಿದವರು. ಎಪ್ಪತ್ತು ದಾಟಿದ ವಯಸ್ಸು. ಶುಕ್ರವಾರ ಬೆಳಿಗ್ಗೆ ಭದ್ರಾವತಿಯ ಬಸ್ಸಿನಿಂದ ಇಳಿದಾಗ ಕೈಯಲ್ಲೊಂದು ಬಟ್ಟೆಯ ಚೀಲ. ಅದರೊಳಗೆ ಮಲ್ಟಿಮೀಟರು, ಬೆಸುಗೆ ಕಡ್ಡಿ, ನೂರು ಪುಟದ ನೋಟುಬುಕ್ಕು, ಒಂದೆರಡು ಜೆಮ್ ಕ್ಲಿಪ್ಪು.

'ಅಂಕಲ್, ಇವನು ಯಂತ್ರ ಚಾಲೂ ಇದ್ದಾಗಲೇ ಕೇಬಲ್ ಹಾಕಿ ಪೋರ್ಟ್ ಸುಟ್ಟಿದಾನೆ. ಸಾಲದ್ದಕ್ಕೆ ತಂತಿ ಕ್ರಾಸ್ ಮಾಡದೆ ನೇರ ಕೊಟ್ಟಿದಾನೆ' ಎಂದು ಯಜಮಾನ ಬಾಗಿಲಲ್ಲೇ ಶುರುಮಾಡಿದ.

'ಹಾಗೆ ಹಾಕಿದರೆ ಸುಡುತ್ತೆ ಕಣಯ್ಯ. ಸುಡಲ್ಲ ಅಂತ ನಾನು ಹೇಳಲ್ಲ. ಸುಟ್ಟಿದೆಯಾ ಅಂತ ನೋಡಿದೀಯಾ?'

ಯಜಮಾನ ಸುಮ್ಮನಾದ. ಯಾರೂ ನೋಡಿರಲಿಲ್ಲ. ಕಿಡಿ ನೋಡಿದ್ದರು, ಅಲಾರಂ ನೋಡಿದ್ದರು, ಹುಡುಗನ ಮುಖ ನೋಡಿದ್ದರು. ಪೋರ್ಟನ್ನು ಮಾತ್ರ ನೋಡಿರಲಿಲ್ಲ.

ಮುದುಕರು ಮೊದಲು ಯಂತ್ರದ ಹತ್ತಿರ ಹೋಗಲೇ ಇಲ್ಲ. ಲ್ಯಾಪ್‌ಟಾಪಿನ ಮುಂದೆ ಸ್ಟೂಲು ಎಳೆದುಕೊಂಡು ಕೂತರು. ಒಂಬತ್ತು ಪಿನ್ನಿನ ಪ್ಲಗ್ಗಿನಲ್ಲಿ ಎರಡನೆಯ ಪಿನ್ನು ಕಿವಿ, ಮೂರನೆಯದು ಬಾಯಿ, ಐದನೆಯದು ಇಬ್ಬರೂ ನಿಲ್ಲುವ ನೆಲ. ಜೆಮ್ ಕ್ಲಿಪ್ಪಿನಿಂದ ಕನ್ವರ್ಟರಿನ ಎರಡು ಮತ್ತು ಮೂರನೆಯ ಪಿನ್ನುಗಳನ್ನು ಜೋಡಿಸಿ, 'ಏನಾದರೂ ಒತ್ತು ಮಗಾ' ಎಂದು ಹುಡುಗನಿಗೆ ಹೇಳಿದರು. ತನ್ನ ಬಾಯಿಯ ಮಾತು ತನ್ನ ಕಿವಿಗೇ ಬರಬೇಕು. ಬಂದರೆ ಇವೆರಡೂ ಸರಿ ಎಂದು ಲೆಕ್ಕ. ಹುಡುಗ ಒತ್ತಿದ. ಏನೂ ಬರಲಿಲ್ಲ. ಹುಡುಕಿದರೆ ಲ್ಯಾಪ್‌ಟಾಪು ಕನ್ವರ್ಟರಿಗೆ ಏಳನೆಯ ನಂಬರು ಕೊಟ್ಟಿತ್ತು. ಸಾಫ್ಟ್‌ವೇರು ಒಂದನೆಯ ನಂಬರಿನ ಬಾಗಿಲು ಬಡಿಯುತ್ತ ಕೂತಿತ್ತು. ಇಲ್ಲದ ಮನೆಗೆ ಕಾಗದ ಹಾಕಿದಂತೆ! ನಂಬರು ತಿದ್ದಿದ ಮೇಲೆ ಹುಡುಗ ಒತ್ತಿದ ಅಕ್ಷರಗಳು ಪರದೆಯ ಮೇಲೆ ಪಟಪಟನೆ ಬಿದ್ದವು. ನೋಟುಬುಕ್ಕಿನಲ್ಲಿ ಮೊದಲ ಸಾಲು ಬಂತು: 'ಲ್ಯಾಪ್‌ಟಾಪು, ಕನ್ವರ್ಟರು ಸರಿ.'

ಆಮೇಲೆ ಕೇಬಲ್ಲು ಜೋಡಿಸಿ, ಅದೇ ಕ್ಲಿಪ್ಪನ್ನು ಕೇಬಲ್ಲಿನ ಆ ತುದಿಗೆ ಹಾಕಿದರು. ಅಕ್ಷರಗಳು ಅಲ್ಲಿಂದಲೂ ತಿರುಗಿ ಬಂದವು. ಹುಡುಗನ ಬೆಸುಗೆ ಗಟ್ಟಿಯಾಗಿತ್ತು.

'ಕ್ರಾಸ್ ಮಾಡಬೇಕಲ್ಲವಾ ಅಂಕಲ್?'

'ಎರಡೂ ಕಡೆ ಒಂಬತ್ತು ಪಿನ್ ಇದ್ದರೆ ಕ್ರಾಸ್ ಮಾಡಬೇಕು. ಇಲ್ಲಾಂದ್ರೆ ಬಾಯಿಗೆ ಬಾಯಿ, ಕಿವಿಗೆ ಕಿವಿ ಆಗುತ್ತೆ. ನಿನ್ನ ಯಂತ್ರದ ಕಡೆ ಇಪ್ಪತ್ತೈದು ಪಿನ್ ಇದೆ. ಅದರಲ್ಲಿ ಎರಡನೇದು ಬಾಯಿ, ಮೂರನೇದು ಕಿವಿ. ಇಲ್ಲಿಗಿಂತ ಉಲ್ಟಾ. ಅದಕ್ಕೇ ನೇರ ಕೊಟ್ಟರೆ ಸರಿ ಹೋಗುತ್ತೆ. ಹುಡುಗ ತಿಳಿದೇ ಮಾಡಿದಾನೆ.'

ಹುಡುಗ ಮೊದಲ ಬಾರಿಗೆ ತಲೆಯೆತ್ತಿದ.

ಇನ್ನು ಯಂತ್ರದ ಸರದಿ. ಮಲ್ಟಿಮೀಟರಿನ ಒಂದು ಕಡ್ಡಿ ಅದರ ಏಳನೆಯ ಪಿನ್ನಿಗೆ, ಅಂದರೆ ನೆಲಕ್ಕೆ. ಇನ್ನೊಂದು ಎರಡನೆಯದಕ್ಕೆ, ಅಂದರೆ ಬಾಯಿಗೆ. ಮೀಟರು ಮೈನಸ್ 10 ವೋಲ್ಟಿನ ಆಸುಪಾಸು ತೋರಿಸಿತು. ಆರ್‌ಎಸ್-232ರ ಕಟ್ಟಳೆಯಲ್ಲಿ ಮಾತಿಲ್ಲದೆ ಕಾಯುತ್ತಿರುವ ತಂತಿಯಲ್ಲಿ ಮೈನಸ್ 3ರಿಂದ ಮೈನಸ್ 15ರ ನಡುವೆ ವೋಲ್ಟೇಜ್ ಇರಬೇಕು. ಸತ್ತ ತಂತಿಯಲ್ಲಿ ಸೊನ್ನೆ. ಸುಮ್ಮನಿರುವವನಿಗೂ ಸತ್ತವನಿಗೂ ಇರುವ ವ್ಯತ್ಯಾಸವನ್ನು ಇನ್ನೂರು ರೂಪಾಯಿಯ ಮೀಟರು ಹೇಳಿಬಿಡುತ್ತದೆ. ಮುದುಕರು ಬರೆದರು: 'ಯಂತ್ರದ ಬಾಯಿ ಸರಿ. ಕಿವಿ ನೋಡಬೇಕು.'

ಹಾಗಾದರೆ 086 ಏಕೆ ಬಂತು? ಆ ಅಲಾರಂ ಸುಟ್ಟದ್ದನ್ನು ಹೇಳುವುದೇ ಇಲ್ಲ. 'ನಾನು ಮಾತಾಡಲು ಸಿದ್ಧ. ಆ ಕಡೆ ಯಾರಾದರೂ ಇದ್ದೀರಾ? ಉತ್ತರವಿಲ್ಲ' ಎನ್ನುವುದಷ್ಟೇ ಅದರ ಅರ್ಥ. ಈ ಪ್ರಶ್ನೆಗೆ ಉತ್ತರ ಬರಬೇಕಾದದ್ದು ಆರನೆಯ ಪಿನ್ನಿನಲ್ಲಿ. ಇಲಿ ಕಡಿದ ಹಳೆಯ ಪ್ಲಗ್ಗನ್ನು ಕಸದ ಡಬ್ಬಿಯಿಂದ ತರಿಸಿ ಬಿಚ್ಚಿದರು. ಅದರೊಳಗೆ ನಾಲ್ಕು ಮತ್ತು ಐದನೆಯ ಪಿನ್ನುಗಳಿಗೆ ಒಂದು ತುಂಡು ತಂತಿ. ಆರು, ಎಂಟು, ಇಪ್ಪತ್ತಕ್ಕೆ ಇನ್ನೊಂದು ತುಂಡು. ಎಲ್ಲಿಗೂ ಹೋಗದ ಈ ತುಂಡುಗಳು ಯಾಕಿರಬೇಕೆಂದು ಹುಡುಗ ಅವನ್ನು ಕೈಬಿಟ್ಟಿದ್ದ. ಇಪ್ಪತ್ತನೆಯ ಪಿನ್ನು ಯಂತ್ರದ 'ನಾನು ಸಿದ್ಧ'. ಅದನ್ನೇ ತಿರುಗಿಸಿ ಆರಕ್ಕೆ ಕೊಟ್ಟರೆ ಯಂತ್ರ ತನ್ನ ಪ್ರಶ್ನೆಗೆ ತಾನೇ ಉತ್ತರ ಹೇಳಿಕೊಂಡು ಸಮಾಧಾನಪಡುತ್ತದೆ.

'ಇದು ನಂದೇ ತಪ್ಪು ಸಾರ್' ಎಂದ ಹುಡುಗ.

'ಹೌದಪ್ಪ, ನಿಂದೇ. ಬೆಸುಗೆ ಕಡ್ಡಿ ಕಾಯಿಸು.'

ಎರಡು ತುಂಡು ತಂತಿಯ ಕೆಲಸ ಹತ್ತು ನಿಮಿಷಕ್ಕೆ ಮುಗಿಯಿತು. ಎರಡೂ ಕಡೆ ವಿದ್ಯುತ್ತು ತೆಗೆಸಿ, ಆಮೇಲೆ ಪ್ಲಗ್ಗು ಹಾಕಿಸಿದರು. ಎರಡು ಉಪಕರಣಗಳ ನೆಲದ ಮಟ್ಟ ಒಂದೇ ಇರುವುದಿಲ್ಲ, ಆ ವ್ಯತ್ಯಾಸವೇ ಕಿಡಿಯಾಗಿ ಹಾರುತ್ತದೆ, ಯಜಮಾನನ ಹೆದರಿಕೆ ಸುಳ್ಳಲ್ಲ ಎಂದೂ ಹುಡುಗನಿಗೆ ತಿಳಿಸಿದರು. ಮತ್ತೆ ಕಳಿಸಿದಾಗ 086 ಬರಲಿಲ್ಲ. ಬಂದದ್ದು 085. ಯಜಮಾನ ತಲೆಯ ಮೇಲೆ ಕೈಹೊತ್ತ. ಮುದುಕರು ನಕ್ಕರು. 'ಕಿವಿಯೂ ಇದೆ ಅಂತಾಯ್ತಲ್ಲಯ್ಯ! ಕೇಳಿಸಿತು, ಅರ್ಥ ಆಗಲಿಲ್ಲ ಅಂತಿದೆ. ಕಿವುಡನಿಗೆ ಈ ಅಲಾರಂ ಬರಲ್ಲ.'

ಇಬ್ಬರು ಮಾತಾಡಬೇಕಾದರೆ ಭಾಷೆಯ ಜೊತೆಗೆ ವೇಗವೂ ಹೊಂದಬೇಕು. ವೇಗವನ್ನು ಬಾಡ್ ಎಂಬ ಮಾನದಲ್ಲಿ ಹೇಳುತ್ತಾರೆ. ತಂತಿ ಸಂದೇಶಕ್ಕಾಗಿ ಐದು ಸಂಕೇತಗಳ ಲಿಪಿಯನ್ನು 1874ರಲ್ಲಿ ಪೇಟೆಂಟ್ ಮಾಡಿದ ಫ್ರಾನ್ಸಿನ ಎಮಿಲ್ ಬೋಡೊನ ಹೆಸರು ಅದು. ಮುದುಕರು ರಿಪೇರಿ ಮಾಡುತ್ತಿದ್ದ ಟೆಲೆಕ್ಸ್ ಯಂತ್ರದ ವೇಗ 50 ಬಾಡ್. ಈ ಸಿಎನ್‌ಸಿ ಯಂತ್ರದ್ದು 4800. ಲ್ಯಾಪ್‌ಟಾಪಿನದೂ 4800 ಎಂದೇ ಇತ್ತು. ತೊಡಕಿದ್ದದ್ದು ಅಕ್ಷರದ ಕಟ್ಟಿನಲ್ಲಿ. ಯಂತ್ರ ಬಯಸುತ್ತಿದ್ದದ್ದು ಏಳು ಬಿಟ್‌ನ ಅಕ್ಷರ, ಒಂದು ಕಾವಲು ಬಿಟ್, ಕೊನೆಗೆ ವಿಶ್ರಾಂತಿಗೆ ಎರಡು ಬಿಟ್. ಲ್ಯಾಪ್‌ಟಾಪು ಕಳಿಸುತ್ತಿದ್ದದ್ದು ಎಂಟು ಬಿಟ್, ಕಾವಲಿಲ್ಲ, ವಿಶ್ರಾಂತಿ ಒಂದೇ. ಸಾಫ್ಟ್‌ವೇರು ಹಾಕಿಕೊಟ್ಟ ಅಕ್ಕನ ಮಗ ಅದನ್ನು ಮುಟ್ಟಿರಲೇ ಇಲ್ಲ.

ಕಾವಲು ಬಿಟ್ ಎಂದರೆ ಕಾಗದದ ಪಟ್ಟಿಯ ಕಾಲದ ಜಾಣತನ. ಪ್ರತಿ ಅಕ್ಷರದಲ್ಲೂ ತೂತುಗಳ ಸಂಖ್ಯೆ ಸರಿಸಂಖ್ಯೆಯಾಗಿರಬೇಕೆಂದು ಒಪ್ಪಂದ. 'ಜಿ' ಅಕ್ಷರಕ್ಕೆ ನಾಲ್ಕು ತೂತು, ಸರಿ. 'ಎಕ್ಸ್' ಅಕ್ಷರಕ್ಕೆ ಮೂರೇ. ಆದ್ದರಿಂದ ಇನ್ನೊಂದು ಸೇರಿಸಿ ನಾಲ್ಕು ಮಾಡಬೇಕು. ದಾರಿಯಲ್ಲಿ ಒಂದು ತೂತು ಹೆಚ್ಚುಕಡಿಮೆಯಾದರೆ ಲೆಕ್ಕ ಬೆಸವಾಗಿ ಯಂತ್ರ ಅಲ್ಲೇ ನಿಂತುಬಿಡುತ್ತದೆ.

'ಆ ಕಾವಲೇ ತೆಗೆದುಬಿಟ್ಟರೆ ಸಲೀಸಾಗಿ ಹೋಗಲ್ವಾ ಅಂಕಲ್?' ಎಂದ ಯಜಮಾನ.

ಮುದುಕರು ನೋಟುಬುಕ್ಕಿನಲ್ಲಿ ಎರಡು ಸಾಲು ಬರೆದು ತೋರಿಸಿದರು. ಸೊನ್ನೆಯ ಸಂಕೇತ 0110000. ಎಂಟರ ಸಂಕೇತ 0111000. ನಡುವೆ ಒಂದೇ ಬಿಟ್‌ನ ಅಂತರ. '10 ಮಿಲಿಮೀಟರು ಅಂದದ್ದು ದಾರೀಲಿ 18 ಆದರೆ ನಿನ್ನ ಕಟ್ಟರು ಎಲ್ಲಿಗೆ ಹೋಗುತ್ತೆ ಹೇಳು?' ಯಜಮಾನ ಮತ್ತೆ ಆ ಮಾತೆತ್ತಲಿಲ್ಲ. ಸೆಟ್ಟಿಂಗು ಬದಲಾಯಿತು. ಪ್ರೋಗ್ರಾಮು ಹರಿಯತೊಡಗಿತು.

ಕಟ್ಟರನ್ನು ಲೋಹಕ್ಕೆ ತಾಗಿಸದೆ, ಮೇಲೆತ್ತಿ ಗಾಳಿಯಲ್ಲಿ ಓಡಿಸಿ ನೋಡಿದರು. ನಾಲ್ಕಾರು ನಿಮಿಷ ಚೆನ್ನಾಗಿ ಓಡಿ ಮತ್ತೆ ನಿಂತಿತು. ಈ ಸಲ 087. ಲ್ಯಾಪ್‌ಟಾಪಿಗೆ ಒಂದು ಅಕ್ಷರ ಕಳಿಸಲು ಸೆಕೆಂಡಿನ ನಾನೂರರಲ್ಲೊಂದು ಪಾಲೂ ಬೇಡ. ಆದರೆ ಕಟ್ಟರು ಲೋಹದ ಮೇಲೆ ಸಾಗುವ ಗತಿಯೇ ಬೇರೆ. ತುತ್ತು ಬಾಯಲ್ಲಿರುವಾಗ 'ತಡಿ' ಎಂದು ಯಂತ್ರ ಒಂದು ಸಂಕೇತ ಕಳಿಸುತ್ತದೆ. ನುಂಗಿದ ಮೇಲೆ 'ಈಗ ಕೊಡು' ಎಂದು ಇನ್ನೊಂದು. ಹತ್ತೊಂಬತ್ತನೆಯ ಸಂಕೇತವೆಂದರೆ ತಡಿ, ಹದಿನೇಳನೆಯದೆಂದರೆ ಕೊಡು. ಈ ಸಂಕೇತಗಳಿಗೆ ಕಿವಿಗೊಡಬೇಕೆಂದು ಲ್ಯಾಪ್‌ಟಾಪಿಗೆ ಯಾರೂ ಹೇಳಿರಲಿಲ್ಲ. ಅದು ಬಾಯಿಗೆ ತುರುಕುತ್ತಲೇ ಇತ್ತು. ಸಾಫ್ಟ್‌ವೇರಿನಲ್ಲಿ ಒಂದು ಕಡೆ ಟಿಕ್ ಹಾಕಿದ್ದೇ ತಡ, ಸಮಸ್ಯೆ ಬಗೆಹರಿಯಿತು.

ಯಾರೂ ಇಲ್ಲವೇ? ಹೇಳಿದ್ದು ಅರ್ಥವಾಗಲಿಲ್ಲ. ಸಾಕೆಂದರೂ ನೀವು ನಿಲ್ಲಿಸಲಿಲ್ಲ. ಮೂರು ಅಲಾರಮ್ಮುಗಳ ಸಾರ ಇಷ್ಟೇ. ಮನೆಗಳಲ್ಲಿ ಮಾತು ಕೆಡುವುದಕ್ಕೂ ನಾಲ್ಕನೆಯ ಕಾರಣ ಹುಡುಕುವುದು ಕಷ್ಟ.

ಸಂಜೆಯ ಹೊತ್ತಿಗೆ ಅಲ್ಯೂಮಿನಿಯಂ ಗಟ್ಟಿಯ ಮೇಲೆ ಕಟ್ಟರು ಇಳಿಯಿತು. ನೋಟುಬುಕ್ಕಿನಲ್ಲಿ ಅಷ್ಟೂ ದೋಷಗಳ ಪಟ್ಟಿಯಿತ್ತು: ತಪ್ಪು ನಂಬರು, ಬಿಟ್ಟುಹೋದ ತುಂಡು ತಂತಿ, ಹೊಂದದ ಸೆಟ್ಟಿಂಗು, ಹಾಕದ ಟಿಕ್ಕು. ಒಂದು ಹುಡುಗನದು, ಉಳಿದವು ಲ್ಯಾಪ್‌ಟಾಪು ತಂದವರವು. ಬೋರ್ಡಿನ ಹೆಸರು ಪಟ್ಟಿಯಲ್ಲಿರಲಿಲ್ಲ. ಯಜಮಾನ ಅದನ್ನು ಎರಡು ಸಲ ಓದಿದ.

'ಒಂದು ಸಲಕ್ಕೆ ಒಂದೇ ಬದಲಾಯಿಸು. ಬದಲಾಯಿಸಿದ್ದನ್ನು ಬರೆದಿಡು' ಎಂದು ಮುದುಕರು ಹುಡುಗನಿಗೆ ಹೇಳಿದರು. ಆಮೇಲೆ ಯಜಮಾನನ ಕಡೆಗೆ ತಿರುಗಿ, 'ನಮ್ಮ ಕಾರ್ಖಾನೇಲೂ ಹೀಗೇ ಇತ್ತಪ್ಪ. ಏನಾದರೂ ಕೆಟ್ಟರೆ ಮೊದಲು ದೋಷಿ ಯಾರು ಅಂತ ಹುಡುಕೋರು. ಅವನು ಸಿಕ್ಕಿದ ಅಂದ್ರೆ ಮುಗೀತು, ದೋಷ ಅಲ್ಲೇ ಉಳಿದಿರೋದು. ನಾನೂ ಒಬ್ಬನನ್ನು ಹಾಗೆ ಸಿಗಿಸಿದ್ದೆ. ಅವನು ಊರು ಬಿಟ್ಟ ಮೇಲೆ ಗೊತ್ತಾಯ್ತು, ಕೆಟ್ಟಿದ್ದು ಬೇರೆ' ಎಂದರು. ಅದಕ್ಕಿಂತ ಹೆಚ್ಚಿಗೆ ಅವರು ಹೇಳಲಿಲ್ಲ. ಯಾರೂ ಕೇಳಲೂ ಇಲ್ಲ.

ಯಜಮಾನ ಹುಡುಗನ ಬಳಿ ತಪ್ಪಾಯಿತೆಂದು ಬಾಯಿಬಿಟ್ಟು ಹೇಳಲಿಲ್ಲ. ನಮ್ಮ ಕಡೆ ಅದು ಅಷ್ಟು ಸುಲಭವಲ್ಲ. ಮೊದಲ ದಿನ ನಾಲ್ಕು ಜನರ ಮುಂದೆ ಬೈದಿದ್ದನಷ್ಟೇ? ಆ ನಾಲ್ಕೂ ಜನರನ್ನು ಕರೆದು, 'ಇನ್ಮೇಲೆ ಕೇಬಲ್ಲು, ಲ್ಯಾಪ್‌ಟಾಪು ಏನಿದ್ದರೂ ಇವನನ್ನು ಕೇಳಿ' ಎಂದ. ಹುಡುಗನ ಕೈಗೆ ಬೈಕಿನ ಕೀಲಿ ಕೊಟ್ಟು, 'ಅಂಕಲ್‌ನ ಹಳೇನಗರಕ್ಕೆ ಬಿಟ್ಟು ಬಾ. ದಾರೀಲಿ ಇಬ್ಬರೂ ಏನಾದರೂ ತಿನ್ನಿ' ಎಂದು ಜೇಬಿನಿಂದ ದುಡ್ಡು ತೆಗೆದ.

ರಾತ್ರಿಯೆಲ್ಲ ಕೈತುತ್ತು ನಡೆಯಿತು. ಪ್ಯಾಟರ್ನ್ ಸೋಮವಾರ ಮಧ್ಯಾಹ್ನ ಫೌಂಡ್ರಿಗೆ ಹೋಯಿತು. ಯಂತ್ರದ ಬಾಗಿಲಿಗೆ ಹುಡುಗ ಒಂದು ಕಾಗದ ಅಂಟಿಸಿದ: 4800, ಏಳು ಬಿಟ್, ಸರಿಸಂಖ್ಯೆ, ವಿಶ್ರಾಂತಿ ಎರಡು, ಕೆಳಗೆ ಪಿನ್ನುಗಳ ಚಿತ್ರ. ಈಗಿನ ಹೊಸ ಯಂತ್ರಗಳು ಪೆನ್‌ಡ್ರೈವಿನಿಂದಲೋ ನೆಟ್‌ವರ್ಕಿನಿಂದಲೋ ಪಾಠ ಹೇಳಿಸಿಕೊಳ್ಳುತ್ತವೆ. ಈ ಕಾಗದ ಅವಕ್ಕೆ ಬೇಕಿಲ್ಲ. ಆದರೆ ಮುದುಕರು ಮರೆತು ಹೋದ ಜೆಮ್ ಕ್ಲಿಪ್ಪು ಆ ಕಾಗದದ ಮೇಲ್ತುದಿಗೆ ಸಿಕ್ಕಿಸಿಕೊಂಡು ಉಳಿಯಿತು. ಆಮೇಲೆ ಆ ವರ್ಕ್‌ಶಾಪಿನಲ್ಲಿ ಏನು ಕೆಟ್ಟರೂ, ಮೋಟರಾಗಲಿ ಮಿಕ್ಸರಾಗಲಿ, 'ಯಾರೋ ಅದು?' ಎಂದು ಯಜಮಾನ ದನಿಯೆತ್ತುವ ಮೊದಲೇ ಒಬ್ಬರಲ್ಲ ಒಬ್ಬರು ಕೇಳುವರಂತೆ: 'ಕ್ಲಿಪ್ ಹಾಕಿ ನೋಡಿದ್ರಾ?'